ಸೋರುವ ನಳ, ಬಿಗಿದ ಹಿಡಿಕೆ



ಒಕ್ಕಲುತನದ ಈ ಪುಟದಲ್ಲಿ ಬೀಜ, ಗೊಬ್ಬರ, ದನಕರುಗಳ ವಿಷಯ ಬರುವದು ವಾಡಿಕೆ. ಈ ವಾರ ಬಚ್ಚಲಮನೆಯ ನಳದ ವಿಷಯ ಯಾಕೆ ಬಂತು ಎಂದು ಕೆಲವರು ಕೇಳಬಹುದು. ನೀರು ಹೊಲದ್ದೇ ಇರಲಿ, ಬಚ್ಚಲದ್ದೇ ಇರಲಿ, ಬರುವದು ಒಂದೇ ಭೂಮಿಯ ಹೊಟ್ಟೆಯಿಂದ. ಜತ್ತ, ಅಕ್ಕಲಕೋಟೆಗಳ ಕಡೆಯ ನಮಗೆ ಬೇಸಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ರೂಢಿ ಚೆನ್ನಾಗಿ ಗೊತ್ತಿದೆ. ೧೯೭೨ರ ಬರವನ್ನು ಕಂಡ ಹಿರಿಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ೨೦೧೬ರ ಏಪ್ರಿಲ ತಿಂಗಳಲ್ಲಿ ನಮ್ಮ ಪಕ್ಕದ ಮಿರಜಿನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋದದ್ದನ್ನು ಚಿಕ್ಕವರೂ ಬಲ್ಲರು. ಇಂಥ ನಾಡಿನಲ್ಲಿ ಹನಿ ಹನಿಯಾಗಿ ಸೋರುವ ನಳವನ್ನು ನೋಡಿಯೂ ನೋಡದಂತೆ ಇರುವದು ಒಕ್ಕಲಿಗನಿಗೆ ತಕ್ಕದ್ದಲ್ಲ.

ನಳ ಸೋರುವದು ತೀರ ಚಿಕ್ಕ ಕಾರಣದಿಂದ. ಒಳಗಿನ ರಬ್ಬರಿನ ವಾಯಸರ ಸವೆದಿರುತ್ತದೆ, ಅಷ್ಟೆ. ಅದರ ಬೆಲೆ ಕೆಲವೇ ರೂಪಾಯಿ. ಆದರೆ ಅದರ ತನಕ ಹೋಗಲು ಮೇಲಿನ ಹಿಡಿಕೆಯನ್ನು ಬಿಚ್ಚಬೇಕಾಗುತ್ತದೆ. ವರ್ಷಗಟ್ಟಲೆ ನೀರು ಕುಡಿದ ಹಿಡಿಕೆ ಜಪ್ಪಯ್ಯ ಎಂದರೂ ಕದಲುವದಿಲ್ಲ. ಇಲ್ಲಿಯೇ ಜನ ಕೆಲಸವನ್ನು ಅರ್ಧಕ್ಕೆ ಬಿಡುತ್ತಾರೆ, ಇಲ್ಲವೆ ಸಿಟ್ಟಿನಿಂದ ನಳವನ್ನೇ ಮುರಿಯುತ್ತಾರೆ. ಎರಡನೆಯ ತಪ್ಪನ್ನು ಈ ಲೇಖಕನೇ ಮಾಡಿದ್ದಾನೆ. ಆ ಕಥೆಯನ್ನು ಮುಂದೆ ಹೇಳುವೆನು. ಇಂದಿನ ಪಾಠ ಬಿಗಿದ ಹಿಡಿಕೆಯನ್ನು ಮುರಿಯದೆ ಬಿಚ್ಚುವ ಕ್ರಮವನ್ನು ಕುರಿತದ್ದು.

೧. ಮೊದಲು ಲೆಕ್ಕ

ಸೋರುವ ನಳದ ಕೆಳಗೆ ಒಂದು ಲೀಟರು ಹಿಡಿಸುವ ತಂಬಿಗೆಯನ್ನು ಇಡಿರಿ. ಗಡಿಯಾರ ನೋಡಿರಿ. ಒಂದು ತಾಸಿನಲ್ಲಿ ತಂಬಿಗೆ ತುಂಬಿದರೆ ದಿನಕ್ಕೆ ೨೪ ಲೀಟರು, ತಿಂಗಳಿಗೆ ೭೨೦ ಲೀಟರು, ವರ್ಷಕ್ಕೆ ೮,೭೬೦ ಲೀಟರು ಆಯಿತು. ೨೦೧೯ರಲ್ಲಿ ಆರಂಭವಾದ ಜಲಜೀವನ ಮಿಶನದಲ್ಲಿ ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ ೫೫ ಲೀಟರು ನೀರು ಎಂದು ಗೊತ್ತುಪಡಿಸಿದ್ದಾರೆ. ಅಂದರೆ ಒಂದು ಸೋರುವ ನಳವು ಮನೆಯ ಒಬ್ಬ ಮನುಷ್ಯನ ಪಾಲಿನಲ್ಲಿ ಅರ್ಧದ ಹತ್ತಿರ ತಾನೇ ಕುಡಿಯುತ್ತದೆ.

ಇನ್ನೊಂದು ಲೆಕ್ಕ. ಒಂದು ಊರಿನಲ್ಲಿ ಐನೂರು ಮನೆಗಳಿದ್ದು, ಅವುಗಳಲ್ಲಿ ನೂರು ಮನೆಗಳ ನಳ ಹೀಗೆ ಸೋರುತ್ತಿವೆ ಎಂದು ತಿಳಿಯಿರಿ. ದಿನಕ್ಕೆ ೨,೪೦೦ ಲೀಟರು ಹೋಯಿತು. ಲಾತೂರಿಗೆ ಹೋದ ಮೊದಲನೆಯ ರೈಲಿನಲ್ಲಿ ಹತ್ತು ಡಬ್ಬಿಗಳಿಂದ ಸುಮಾರು ೫ ಲಕ್ಷ ಲೀಟರು ನೀರಿತ್ತು. ನಮ್ಮ ಊರಿನ ನಳಗಳು ೨೦೮ ದಿನಗಳಲ್ಲಿ ಅಂಥದೊಂದು ರೈಲನ್ನು ಬಚ್ಚಲ ಮೋರಿಗೆ ಸುರಿಯುತ್ತವೆ. ಈ ಲೆಕ್ಕವನ್ನು ಮಕ್ಕಳಿಂದ ಮಾಡಿಸಿರಿ. ಅವರು ಮನೆಯ ನಳಗಳನ್ನು ತಾವಾಗಿಯೇ ಪರೀಕ್ಷಿಸತೊಡಗುವರು.

೨. ನಳದ ಹೊಟ್ಟೆಯಲ್ಲಿ ಏನಿದೆ

ತಿರುಪಿನಿಂದ ಮುಚ್ಚುವ ಈ ಬಗೆಯ ನಳವು ಹೊಸದಲ್ಲ. ೧೮೪೫ರಲ್ಲಿ ಇಂಗ್ಲಂಡದ ರಾದರಹ್ಯಾಮ ಊರಿನ ಒಂದು ಹಿತ್ತಾಳೆ ಕಾರ್ಖಾನೆಯಲ್ಲಿ ಇದು ತಯಾರಾಯಿತು. ಅದರ ಕಟ್ಟಡ ಇಂದಿಗೂ ಹೆಚ್ಚು ಬದಲಾಗಿಲ್ಲ.

ನಳದ ಮೈಯೊಳಗೆ ದುಂಡನ್ನ ತೂತು ಇದೆ. ನೀರು ಆ ತೂತಿನ ಮೂಲಕ ಮೇಲೆ ಬಂದು ಬಾಯಿಯಿಂದ ಬೀಳುತ್ತದೆ. ಆ ತೂತಿನ ಅಂಚಿಗೆ ಕೂರು ಎನ್ನೋಣ. ಕೂರಿನ ಮೇಲೆ ಚಿಕ್ಕ ಹಿತ್ತಾಳೆಯ ಗುಂಡಿ ಕುಳಿತಿರುತ್ತದೆ. ಅದರ ಅಡಿಗೆ ರಬ್ಬರಿನ ವಾಯಸರ ಇರುತ್ತದೆ. ಗುಂಡಿಯನ್ನು ಮೇಲಿನಿಂದ ಒತ್ತುವ ಕಡ್ಡಿಗೆ ಸ್ಪಿಂಡಲ ಎನ್ನುತ್ತಾರೆ. ಸ್ಪಿಂಡಲದ ತಲೆಯ ಮೇಲೆ ಸಣ್ಣ ಸಣ್ಣ ಹಲ್ಲುಗಳಿವೆ, ಇಲ್ಲವೆ ಅದು ಚೌಕಾಗಿರುತ್ತದೆ. ನಾವು ಚಾವಿ ಎಂದು ಕರೆಯುವ ಹಿಡಿಕೆಯು ಆ ತಲೆಯ ಮೇಲೆ ಕೂತು, ಮೇಲಿನಿಂದ ಒಂದು ಸ್ಕ್ರೂದಿಂದ ಬಿಗಿಯಲ್ಪಟ್ಟಿರುತ್ತದೆ. ಈ ಎಲ್ಲ ಭಾಗಗಳನ್ನು ನಳದ ಮೈಗೆ ಸೇರಿಸಿ ಹಿಡಿಯುವದು ಒಂದು ದೊಡ್ಡ ಆರು ಮೂಲೆಯ ನಟ್ಟು.

ಸೋರಿಕೆ ಎಲ್ಲಿಂದ ಎಂಬುದನ್ನು ಮೊದಲು ನೋಡಬೇಕು. ನಳ ಮುಚ್ಚಿದಾಗ ಬಾಯಿಯಿಂದ ಹನಿ ಬಿದ್ದರೆ ವಾಯಸರ ಇಲ್ಲವೆ ಕೂರು ಕೆಟ್ಟಿದೆ. ನಳ ತೆರೆದಾಗ ಹಿಡಿಕೆಯ ಬುಡದಿಂದ ನೀರು ಜಿನುಗಿದರೆ ಸ್ಪಿಂಡಲದ ಸುತ್ತಲಿನ ತುಂಬುನೂಲು ಸಡಿಲಾಗಿದೆ. ರೋಗ ತಿಳಿಯದೆ ಔಷಧ ಕೊಡಬಾರದು.

ಕಾಲು ಸುತ್ತಿನಲ್ಲಿ ಪೂರ್ತಿ ತೆರೆಯುವ ಹೊಸ ಬಗೆಯ ನಳಗಳಲ್ಲಿ ರಬ್ಬರಿನ ವಾಯಸರಕ್ಕೆ ಬದಲಾಗಿ ಸಿರ‍್ಯಾಮಿಕದ ಎರಡು ಬಿಲ್ಲೆಗಳಿರುತ್ತವೆ. ಅವು ಸೋರಿದರೆ ಒಳಗಿನ ಭಾಗವನ್ನು ಇಡಿಯಾಗಿ ಬದಲಿಸಬೇಕು. ಹಿಡಿಕೆಯನ್ನು ಬಿಚ್ಚುವ ಕ್ರಮ ಮಾತ್ರ ಎರಡಕ್ಕೂ ಒಂದೇ.

೩. ಹಿಡಿಕೆ ಯಾಕೆ ಬಿಗಿಯುತ್ತದೆ

ನಮ್ಮ ಬೋರಿನ ನೀರು ಗಡಸು. ಬಚ್ಚಲ ಹಂಡೆಯ ಒಳಗೆ ಬಿಳಿಯ ಹಕ್ಕಳೆ ಕಟ್ಟುವದನ್ನು ತಾಯಂದಿರು ದಿನಾಲು ನೋಡುತ್ತಾರೆ. ಅದು ನೀರಿನಲ್ಲಿ ಕರಗಿದ್ದ ಸುಣ್ಣ. ಒದ್ದೆ ಕೈಯಿಂದ ನಳ ತಿರುವಿದಾಗ ಹಿಡಿಕೆಯ ಕೆಳಗೆ ಇಳಿದ ನೀರು ಆರುತ್ತದೆ. ಸುಣ್ಣ ಅಲ್ಲಿಯೇ ಉಳಿಯುತ್ತದೆ. ಹೀಗೆ ಪದರಿನ ಮೇಲೆ ಪದರು ಕೂಡಿ ಹಿಡಿಕೆ ಮತ್ತು ಸ್ಪಿಂಡಲಗಳ ನಡುವೆ ಗಾರೆ ಹಾಕಿದಂತಾಗುತ್ತದೆ.

ಇನ್ನೊಂದು ಕಾರಣ ಕಿಲುಬು. ಸ್ಪಿಂಡಲು ಹಿತ್ತಾಳೆಯದು, ಹಿಡಿಕೆ ಬಹಳ ಸಲ ಜಸ್ತದ ಬೆರಕೆ ಲೋಹದ್ದು, ಸ್ಕ್ರೂ ಕಬ್ಬಿಣದ್ದು. ಬೇರೆ ಬೇರೆ ಲೋಹಗಳು ಒದ್ದೆಯಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಬಿಳಿ ಪುಡಿ, ಹಸಿರು ಕಿಲುಬು, ಕೆಂಪು ಜಂಗು, ಈ ಮೂರೂ ಒಂದೇ ಕಡೆ ಕಂಡರೆ ಆಶ್ಚರ್ಯಪಡಬೇಡಿರಿ.

ತಾತ್ಪರ್ಯವಿಷ್ಟೆ: ಹಿಡಿಕೆಯನ್ನು ಹಿಡಿದಿರುವದು ಸುಣ್ಣ ಮತ್ತು ಕಿಲುಬು. ಅವನ್ನು ಸಡಿಲಿಸಬೇಕೇ ಹೊರತು ನಳದೊಂದಿಗೆ ಕುಸ್ತಿ ಹಿಡಿಯಬಾರದು.

೪. ನನ್ನ ತಪ್ಪು

ಮೂರು ವರ್ಷದ ಹಿಂದೆ ನಮ್ಮ ಮನೆಯ ಬಚ್ಚಲ ನಳ ಸೋರುತ್ತಿತ್ತು. ಹಿಡಿಕೆಯನ್ನಷ್ಟೇ ಬಿಚ್ಚುವದಿದೆ, ನೀರು ಬಂದು ಮಾಡುವ ಅವಶ್ಯಕತೆ ಏನು ಎಂದುಕೊಂಡೆ. ಸಾಲೆ ಬಿಟ್ಟು ಬಂದವನು ದೀಪ ಹಚ್ಚುವ ಹೊತ್ತಿಗೆ ಪೈಪಿನ ಪಾನಾ ತಂದು ಹಿಡಿಕೆಗೆ ಹಾಕಿ ಜಗ್ಗಿದೆ. ಹಿಡಿಕೆ ಬರಲಿಲ್ಲ. ಸಿಟ್ಟು ಬಂದು ಇನ್ನೂ ಜೋರಾಗಿ ತಿರುವಿದೆ. ಗೋಡೆಯೊಳಗೆ ಪ್ಲಾಸ್ಟಿಕ ಮೊಳಕೈ ಟಪ್ಪನೆ ಮುರಿಯಿತು. ಮಾಳಿಗೆಯ ಮೇಲಿನ ಟಾಕಿಯಲ್ಲಿ ಅದೇ ದಿನ ಟ್ಯಾಂಕರಿನಿಂದ ತುಂಬಿಸಿದ ಸಾವಿರ ಲೀಟರು ನೀರಿತ್ತು. ನಾನು ನಿಚ್ಚಣಿಕೆ ಹುಡುಕಿ ಮೇಲೇರಿ ನೋಡಿದರೆ ಟಾಕಿಯ ವ್ಹಾಲ್ವ ಕೂಡ ಬಿಗಿದು ಕುಳಿತಿತ್ತು. ನೀರೆಲ್ಲ ಬಚ್ಚಲಿನಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ ಹರಿಯಿತು.

ನಮ್ಮವ್ವ ಬಾಗಿಲಲ್ಲಿ ನಿಂತು, “ತಮ್ಮಾ, ನಳಾ ಸೋರಿದ್ರ ತಾಸಿಗೆ ಒಂದ ತಂಬಿಗಿ ನೀರ ಹೋಗತಿತ್ತು. ನೀ ರಿಪೇರಿ ಮಾಡಿ ಟಾಕಿನ ಖಾಲಿ ಮಾಡಿದಿ” ಅಂದಳು. ಮರುದಿನ ದನಗಳಿಗೆ ನೀರು ಕುಡಿಸಲು ನೆರೆಯವರ ಬಾವಿಗೆ ಹೋಗಬೇಕಾಯಿತು. ಗೋಡೆ ಒಡೆದು ಪೈಪು ಕೂಡಿಸಿದ ಖರ್ಚು ನೂರು ವಾಯಸರಗಳ ಬೆಲೆಯನ್ನು ಮೀರಿತು. ಈ ಪಾಠವನ್ನು ಬರೆಯುವ ಅಧಿಕಾರ ನನಗೆ ಬಂದದ್ದು ಆ ರಾತ್ರಿಯಿಂದ.

೫. ಬೇಕಾಗುವ ಸಾಮಾನುಗಳು

ತಕ್ಕ ಅಳತೆಯ ಸ್ಕ್ರೂ ಡ್ರೈವರ; ಅಗಲಿಸಿ ಕಿರಿದು ಮಾಡಬರುವ ಎರಡು ಪಾನಾ; ಒಂದು ಪಕ್ಕಡ; ಕಟ್ಟಿಗೆಯ ಕೊಡತಿ; ಹಳೆಯ ಅರಿವೆ; ಸಿರಕಾ ಇಲ್ಲವೆ ಎರಡು ನಿಂಬೆಹಣ್ಣು; ಹೊಲಿಗೆ ಯಂತ್ರದ ಎಣ್ಣೆ, ಇಲ್ಲವೆ ಅಂಗಡಿಯಲ್ಲಿ ಸಿಗುವ ಜಂಗು ಬಿಡಿಸುವ ಎಣ್ಣೆ; ಹೊಸ ವಾಯಸರ. ಮನೆಯ ನಳ ಬಹುತೇಕ ಅರ್ಧ ಇಂಚಿನದು, ಅಂದರೆ ೧೫ ಮಿಲಿಮೀಟರಿನದು. ಆದರೂ ಅಂಗಡಿಗೆ ಹೋಗುವಾಗ ಹಳೆಯ ವಾಯಸರವನ್ನು ಒಯ್ದು ತೋರಿಸುವದು ಒಳ್ಳೆಯದು.

೬. ಕೆಲಸದ ಕ್ರಮ

ಮೊದಲನೆಯದು: ನೀರು ಬಂದು ಮಾಡಿರಿ. ಟಾಕಿಯ ವ್ಹಾಲ್ವವನ್ನು ತಿರುವಿ ಮುಚ್ಚಿರಿ. ವ್ಹಾಲ್ವ ಇಲ್ಲದಿದ್ದರೆ ಇಲ್ಲವೆ ಕೆಟ್ಟಿದ್ದರೆ ಟಾಕಿಯ ನೀರು ಕೊಡಗಳಲ್ಲಿ ಹಿಡಿದಿಟ್ಟು ಮುಗಿದ ಮೇಲೆಯೇ ಕೆಲಸಕ್ಕೆ ಕೈ ಹಾಕಿರಿ. ಗ್ರಾಮ ಪಂಚಾಯತಿಯ ನೀರು ನೇರವಾಗಿ ಬರುವ ನಳವಾದರೆ ನೀರು ಬಿಡುವ ವೇಳೆ ಮುಗಿಯಲಿ. ಬಳಿಕ ಬಚ್ಚಲ ನಳವನ್ನು ತೆರೆದು ಪೈಪಿನಲ್ಲಿ ಉಳಿದ ನೀರನ್ನು ಹೊರಗೆ ಬಿಡಿರಿ, ಮತ್ತು ನಳವನ್ನು ಅರ್ಧ ತೆರೆದೇ ಇಡಿರಿ. ಪೂರ್ತಿ ಮುಚ್ಚಿದ್ದರೆ ವಾಯಸರವು ಕೂರಿಗೆ ಒತ್ತಿಕೊಂಡು ಮುಂದೆ ನಟ್ಟು ಬಿಚ್ಚುವದು ಕಷ್ಟವಾಗುತ್ತದೆ.

ಎರಡನೆಯದು: ಬಚ್ಚಲ ಮೋರಿಯ ಬಾಯಿಗೆ ಅರಿವೆ ತುರುಕಿರಿ. ಕೈಜಾರಿದ ಸ್ಕ್ರೂ ಮೋರಿಗೆ ಹೋದರೆ ಕೆಲಸ ಅಲ್ಲಿಗೇ ನಿಲ್ಲುವದು.

ಮೂರನೆಯದು: ಹಿಡಿಕೆಯನ್ನು ಬಿಚ್ಚುವ ಅವಶ್ಯಕತೆ ಇದೆಯೇ ಎಂದು ನೋಡಿರಿ. ಹಳೆಯ ಹಿತ್ತಾಳೆ ನಳಗಳಲ್ಲಿ ಆರು ಮೂಲೆಯ ದೊಡ್ಡ ನಟ್ಟು ಹಿಡಿಕೆಯ ಕೆಳಗೆ ಬರಿಗಣ್ಣಿಗೆ ಕಾಣುತ್ತದೆ. ಅದಕ್ಕೆ ಪಾನಾ ತಾಗುವಂತಿದ್ದರೆ ಹಿಡಿಕೆಸಮೇತ ಇಡೀ ಮೇಲ್ಭಾಗವನ್ನು ಬಿಚ್ಚಿ ಹೊರಗೆ ತರಬಹುದು. ಹಿಡಿಕೆಯನ್ನು ಬಿಡಿಸಲೇಬೇಕಾದರೂ ಗೋಡೆಯ ಮೇಲೆ ಹೆಣಗುವದಕ್ಕಿಂತ ಕಟ್ಟೆಯ ಮೇಲೆ ಕುಳಿತು ಮಾಡುವದು ಸುಲಭ. ಎಷ್ಟೋ ಜನ ಇದನ್ನು ನೋಡದೆ ಸುಮ್ಮನೆ ದಣಿಯುತ್ತಾರೆ. ನಟ್ಟಿನ ಮೇಲೆ ಗಂಟೆಯಾಕಾರದ ಮುಚ್ಚಿಗೆ ಇದ್ದರೆ ಮಾತ್ರ ಹಿಡಿಕೆ ಮೊದಲು ಹೋಗಬೇಕು.

ನಾಲ್ಕನೆಯದು: ಸ್ಕ್ರೂ ಹುಡುಕಿರಿ. ಹಿಡಿಕೆಯ ನೆತ್ತಿಯ ಮೇಲೆ ಕೆಂಪು ಇಲ್ಲವೆ ನೀಲಿ ಗುರುತಿನ ಸಣ್ಣ ಬಿಲ್ಲೆ ಇರುತ್ತದೆ. ಚಾಕುವಿನ ತುದಿಯಿಂದ ಅದನ್ನು ಮೆಲ್ಲಗೆ ಎಬ್ಬಿಸಿರಿ. ಕೆಳಗೆ ಸ್ಕ್ರೂ ಇದೆ. ಕೆಲವು ನಳಗಳಲ್ಲಿ ಅದು ಹಿಡಿಕೆಯ ಪಕ್ಕೆಯಲ್ಲಿದ್ದು, ಆರು ಮೂಲೆಯ ಡೊಂಕು ಕೀಲಿಯಿಂದ ಬಿಚ್ಚಬೇಕಾಗುತ್ತದೆ. ಸ್ಕ್ರೂ ಇರುವಾಗಲೇ ಹಿಡಿಕೆಯನ್ನು ಜಗ್ಗುವವರು ಕಡಿಮೆಯಿಲ್ಲ. ಅದಕ್ಕೆ ಬಿಗಿಯೆಂದು ಹೆಸರು ಬೇರೆ.

ಸ್ಕ್ರೂದ ತಲೆಯ ಗೀರಿನಲ್ಲಿ ಸುಣ್ಣ ತುಂಬಿದ್ದರೆ ದಬ್ಬಣದಿಂದ ಕೆದರಿ ಸ್ವಚ್ಛ ಮಾಡಿರಿ. ಎರಡು ಹನಿ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ತಡೆಯಿರಿ. ಸ್ಕ್ರೂ ಡ್ರೈವರವನ್ನು ಗೀರಿನಲ್ಲಿ ಪೂರ್ತಿ ಕೂರಿಸಿ, ಅದರ ಹಿಂಬದಿಗೆ ಕೊಡತಿಯಿಂದ ಒಂದೆರಡು ಸಣ್ಣ ಪೆಟ್ಟು ಕೊಡಿರಿ. ನಂತರ ಕೂದಲೆಳೆಯಷ್ಟು ಬಲಕ್ಕೆ, ಅಂದರೆ ಬಿಗಿ ಮಾಡುವ ಕಡೆಗೆ ತಿರುವಿ, ಆಮೇಲೆ ಎಡಕ್ಕೆ ತಿರುವಿರಿ. ಜಂಗಿನ ಹಿಡಿತ ಒಮ್ಮೆ ಬಿಟ್ಟರೆ ಸ್ಕ್ರೂ ತಾನಾಗಿ ಬರುವದು.

ಐದನೆಯದು: ಈಗ ಹಿಡಿಕೆ. ಇಲ್ಲಿ ಸೌಮ್ಯ ಉಪಾಯದಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಏರಬೇಕು.

ಅ) ಹಿಡಿಕೆಯನ್ನು ಒಣ ಅರಿವೆಯಿಂದ ಹಿಡಿದು, ಸ್ವಲ್ಪ ಸ್ವಲ್ಪ ಅಲುಗಿಸುತ್ತ ನೇರವಾಗಿ ಮೇಲಕ್ಕೆ ಎತ್ತಿರಿ. ಪಕ್ಕಕ್ಕೆ ಜಗ್ಗಬೇಡಿರಿ.

ಆ) ಬರದಿದ್ದರೆ ಹುಳಿ. ಸಿರಕಾ ಇಲ್ಲವೆ ನಿಂಬೆರಸದಲ್ಲಿ ಅರಿವೆಯನ್ನು ತೋಯಿಸಿ ಹಿಡಿಕೆಯ ಬುಡಕ್ಕೆ ಸುತ್ತಿರಿ. ಸ್ಕ್ರೂ ತೂತಿನಲ್ಲಿಯೂ ನಾಲ್ಕು ಹನಿ ಬಿಡಿರಿ. ಒಂದು ತಾಸು ಇರಲಿ. ಹುಳಿ ಸುಣ್ಣವನ್ನು ಕರಗಿಸುತ್ತದೆ. ರಾತ್ರಿಯೆಲ್ಲ ಇಡಬೇಡಿರಿ, ಹೊಳಪಿನ ಲೇಪವೂ ಹಿತ್ತಾಳೆಯೂ ಕೆಡುತ್ತವೆ. ತೆಗೆದ ಮೇಲೆ ನೀರಿನಿಂದ ತೊಳೆಯಿರಿ.

ಇ) ಆಮೇಲೆ ಬಿಸಿನೀರು. ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಹಾಕುವಾಗ ಕಂಬಾರನು ಅದನ್ನು ಕಾಸುವದನ್ನು ನೋಡಿದ್ದೀರಿ. ಕಾದ ಹಳಿ ಹಿಗ್ಗುತ್ತದೆ, ಅದಕ್ಕೇ ಗಾಲಿಗೆ ಸುಲಭವಾಗಿ ಇಳಿಯುತ್ತದೆ. ಲೋಹದ ಹಿಡಿಕೆಯ ಮೇಲೆ ಬಿಸಿನೀರು ಸುರಿದರೆ ಹೊರಗಿನ ಹಿಡಿಕೆ ಮೊದಲು ಕಾದು ಹಿಗ್ಗುತ್ತದೆ. ಒಳಗಿನ ಸ್ಪಿಂಡಲು ಇನ್ನೂ ತಣ್ಣಗಿರುತ್ತದೆ. ಅದೇ ಗಳಿಗೆಯಲ್ಲಿ ದಪ್ಪ ಅರಿವೆಯಿಂದ ಹಿಡಿದು ಎತ್ತಬೇಕು. ತಡ ಮಾಡಿದರೆ ಎರಡೂ ಕಾದು ಲಾಭವಿಲ್ಲ. ಕೈಸುಡದಂತೆ ಎಚ್ಚರವಿರಲಿ.

ಈ) ಇನ್ನೂ ಬರದಿದ್ದರೆ ಎಣ್ಣೆ. ಹಿಡಿಕೆಯನ್ನು ಒರೆಸಿ ಒಣಗಿಸಿ, ಸ್ಕ್ರೂ ತೂತಿನಿಂದಲೂ ಬುಡದ ಸಂದಿನಿಂದಲೂ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಇಡಿರಿ. ಹುಳಿ ಮೊದಲು, ಎಣ್ಣೆ ನಂತರ, ಈ ಕ್ರಮ ತಪ್ಪಬಾರದು. ಎಣ್ಣೆ ಮೊದಲೇ ಹಚ್ಚಿದರೆ ಅದರ ಪೊರೆಯ ಕೆಳಗೆ ಹುಳಿ ಇಳಿಯಲಾರದು.

ಉ) ಮುಂಜಾನೆ ಕೊಡತಿಯಿಂದ ಹಿಡಿಕೆಯ ಸುತ್ತಲೂ ಹಗುರಾಗಿ ಬಡಿಯಿರಿ. ಬಡಿಯುವ ಕಡೆಯ ಎದುರು ಮಗ್ಗಲಿಗೆ ಇನ್ನೊಂದು ಕಟ್ಟಿಗೆ ತುಂಡನ್ನು ಆನಿಸಿ ಹಿಡಿಯಿರಿ. ಪೆಟ್ಟು ಗೋಡೆಯ ಪೈಪಿಗೆ ಹೋಗಬಾರದು. ನಡುಗುವಿಕೆಯಿಂದ ಸುಣ್ಣ ಬಿರಿದು ಎಣ್ಣೆ ಒಳಗಿಳಿಯುತ್ತದೆ.

ಊ) ಆಮೇಲೆ ಸನ್ನೆ. ಹಿಡಿಕೆಯ ಕೆಳಗೆ ಎದುರುಬದುರು ಎರಡು ಗಟ್ಟಿ ಚಮಚಗಳನ್ನು ತೂರಿಸಿ, ಅವುಗಳ ಕೆಳಗೆ ಮಡಚಿದ ಅರಿವೆ ಇಟ್ಟು, ಎರಡನ್ನೂ ಒಮ್ಮೆಲೆ ಒತ್ತಿರಿ. ಒಂದೇ ಕಡೆ ಎತ್ತಿದರೆ ಹಿಡಿಕೆ ಓರೆಯಾಗಿ ಇನ್ನಷ್ಟು ಸಿಕ್ಕಿಕೊಳ್ಳುವದು.

ಋ) ಇದಕ್ಕೂ ಜಗ್ಗದಿದ್ದರೆ ಮೋಟರು ದುರಸ್ತಿ ಮಾಡುವವರ ಹತ್ತಿರ ಬೇರಿಂಗ ತೆಗೆಯುವ ಪುಲ್ಲರ ಇರುತ್ತದೆ, ಚಿಕ್ಕದನ್ನು ಕೇಳಿ ತನ್ನಿರಿ. ಅದರ ಎರಡು ಕಾಲುಗಳು ಹಿಡಿಕೆಯ ಅಡಿಗೆ ಸಿಕ್ಕಬೇಕು, ನಡುವಿನ ಬೋಲ್ಟು ಸ್ಪಿಂಡಲದ ತಲೆಯನ್ನು ಒತ್ತಬೇಕು. ಬೋಲ್ಟು ದಪ್ಪಾಗಿದ್ದು ಸ್ಕ್ರೂ ತೂತಿನಲ್ಲಿ ಇಳಿಯದಿದ್ದರೆ ನಡುವೆ ಉಕ್ಕಿನ ಒಂದು ಸಣ್ಣ ತುಂಡು ಇಡಿರಿ. ಅದು ಹಿಡಿಕೆಯ ತೂತಿನಲ್ಲಿ ಇಳಿಯುವಂತಿರಬೇಕು, ಆದರೆ ಸ್ಪಿಂಡಲದ ತಿರುಪಿನೊಳಗೆ ಹೋಗುವಂತಿರಬಾರದು. ಹೋದರೆ ತಿರುಪು ಕೆಡುವದು. ಬೋಲ್ಟನ್ನು ಕಾಲು ಸುತ್ತು ತಿರುವಿ ತಡೆಯಿರಿ, ಮತ್ತೆ ಕಾಲು ಸುತ್ತು. ಬಲ ಪೂರ್ತಿ ಹಿಡಿಕೆ ಮತ್ತು ಸ್ಪಿಂಡಲಗಳ ನಡುವೆಯೇ ಬೀಳುವದರಿಂದ ಗೋಡೆಯ ಪೈಪಿಗೆ ನೋವಿಲ್ಲ. ಸಣ್ಣ ಸಪ್ಪಳದೊಂದಿಗೆ ಹಿಡಿಕೆ ಮೇಲೇಳುವದು.

ೠ) ಕಡೆಯ ಉಪಾಯ ಹಿಡಿಕೆಯ ಆಸೆ ಬಿಡುವದು. ಲೋಹ ಕೊಯ್ಯುವ ಗರಗಸದಿಂದ ಹಿಡಿಕೆಯನ್ನು ಒಂದು ಮಗ್ಗಲಿನಿಂದ ಕೊಯ್ದು, ಗೀರಿನಲ್ಲಿ ಸ್ಕ್ರೂ ಡ್ರೈವರ ಹಾಕಿ ಅಗಲಿಸಿರಿ. ಸ್ಪಿಂಡಲದ ಹಲ್ಲಿಗೆ ಗರಗಸ ತಾಗದಿರಲಿ. ಹೊಸ ಹಿಡಿಕೆ ಸಿಗುತ್ತದೆ. ಗೋಡೆಯೊಳಗಿನ ಪೈಪು ಹೊಸದಾಗಿ ಹಾಕುವದು ಸುಲಭವಲ್ಲ.

೭. ವಾಯಸರ ಬದಲಿಸುವದು

ಹಿಡಿಕೆ, ಮುಚ್ಚಿಗೆ ತೆಗೆದ ಮೇಲೆ ಆರು ಮೂಲೆಯ ನಟ್ಟು ಕಾಣುವದು. ಒಂದು ಪಾನಾದಿಂದ ನಳದ ಮೈಯನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಟ್ಟನ್ನು ಎಡಕ್ಕೆ ತಿರುವಿರಿ. ಮೈಯನ್ನು ಹಿಡಿಯದೆ ನಟ್ಟನ್ನಷ್ಟೇ ತಿರುವಿದರೆ ನನ್ನ ಮನೆಯಲ್ಲಿ ಆದದ್ದೇ ನಿಮ್ಮ ಮನೆಯಲ್ಲಿಯೂ ಆಗುವದು.

ಮೇಲ್ಭಾಗ ಹೊರಗೆ ಬಂದ ಮೇಲೆ ಗುಂಡಿಯಿಂದ ಹಳೆಯ ವಾಯಸರವನ್ನು ತೆಗೆಯಿರಿ. ಅದರ ಮೇಲೆ ಉಂಗುರದಂಥ ಆಳವಾದ ಗೆರೆ ಬಿದ್ದಿರುತ್ತದೆ. ಅದೇ ಅಳತೆಯ ಹೊಸದನ್ನು ಕೂರಿಸಿರಿ. ಕಿರುಬೆರಳನ್ನು ನಳದೊಳಗೆ ಹಾಕಿ ಕೂರಿನ ಅಂಚನ್ನು ಸವರಿ ನೋಡಿರಿ. ನುಣ್ಣಗಿದ್ದರೆ ಸರಿ. ಬೆರಳಿಗೆ ಗೀರು ತಾಗಿದರೆ ಹೊಸ ವಾಯಸರ ಹಾಕಿದರೂ ಸೋರಿಕೆ ನಿಲ್ಲದು. ಕೂರು ತಿಕ್ಕುವ ಉಪಕರಣವಿರುವ ಪ್ಲಂಬರನನ್ನು ಕರೆಯಬೇಕು, ಇಲ್ಲವೆ ನಳವನ್ನೇ ಬದಲಿಸಬೇಕು.

ಸ್ಪಿಂಡಲದ ಬುಡದಿಂದ ಜಿನುಗುತ್ತಿದ್ದರೆ ಅಲ್ಲಿಯ ಸಣ್ಣ ನಟ್ಟು ಬಿಚ್ಚಿ, ಹಳೆಯ ನೂಲು ತೆಗೆದು, ನಳಕ್ಕೆ ಸುತ್ತುವ ಬಿಳಿಯ ಟೇಪನ್ನು ಹುರಿಯಂತೆ ಹೊಸೆದು ನಾಲ್ಕಾರು ಸುತ್ತು ಸುತ್ತಿ ಮತ್ತೆ ನಟ್ಟು ಹಾಕಿರಿ. ಸ್ಪಿಂಡಲು ಕೈಯಿಂದ ತಿರುಗುವಷ್ಟು ಸಡಿಲಿರಲಿ.

ಬಿಚ್ಚಿದ ಕ್ರಮದ ತಿರುಗುಮುರುಗಾಗಿ ಎಲ್ಲವನ್ನೂ ಕೂಡಿಸಿರಿ. ಹಿಡಿಕೆ ಹಾಕುವ ಮುಂಚೆ ಸ್ಪಿಂಡಲದ ಹಲ್ಲುಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಬೆರಳ ತುದಿಯಷ್ಟು ವ್ಯಾಸಲೀನ ಸವರಿರಿ, ಸ್ಕ್ರೂಕ್ಕೂ ಸವರಿರಿ. ರಬ್ಬರಿಗೆ ಮಾತ್ರ ತಾಗಿಸಬೇಡಿರಿ. ಮುಂದಿನ ಸಲ ಹಿಡಿಕೆ ಕೈಯಿಂದಲೇ ಬರುವದು. ಟಾಕಿಯ ವ್ಹಾಲ್ವವನ್ನು ನಿಧಾನವಾಗಿ ತೆರೆದು, ತಂಬಿಗೆಯನ್ನು ಮತ್ತೆ ಒಂದು ತಾಸು ಕೆಳಗಿಟ್ಟು ನೋಡಿರಿ. ಒಣಗಿದ್ದರೆ ನೀವು ಪರೀಕ್ಷೆಯಲ್ಲಿ ಪಾಸು.

೮. ಮಾಡಬಾರದ ಕೆಲಸಗಳು

ಪೈಪಿನ ಪಾನಾದಿಂದ ಹಿಡಿಕೆಯನ್ನು ತಿರುವಬಾರದು. ಪ್ಲಾಸ್ಟಿಕ ಪೈಪಿದ್ದಲ್ಲಿ ಬೆಂಕಿಯ ಜ್ವಾಲೆ ಹಿಡಿಯಬಾರದು. ಸಂಡಾಸು ತೊಳೆಯುವ ಆ್ಯಸಿಡ್ಡು ಹಾಕಬಾರದು. ಅದು ಲೋಹವನ್ನು ತಿನ್ನುತ್ತದೆ, ಅದರ ಹೊಗೆ ಕಣ್ಣಿಗೂ ಎದೆಗೂ ಕೆಟ್ಟದ್ದು. ನೀರು ನಿಲ್ಲದೆಂದು ನಳವನ್ನು ಮೈಬಲದಿಂದ ಬಿಗಿಯಬಾರದು. ಬಿಗಿದಷ್ಟೂ ವಾಯಸರ ಬೇಗ ಸವೆಯುತ್ತದೆ, ಸೋರಿಕೆ ಹೆಚ್ಚುತ್ತದೆ.

ಖಂಡೇನವಮಿಯ ದಿನ ನಾವು ಕುಡ, ಕುಡಗೋಲು, ಪಂಪುಗಳನ್ನು ತೊಳೆದು ಪೂಜಿಸುತ್ತೇವೆ. ಅದೇ ದಿನ ಮನೆಯ ನಳಗಳ ಹಿಡಿಕೆಗಳನ್ನು ಒಮ್ಮೆ ಬಿಚ್ಚಿ ಒರೆಸಿ ಕೂಡಿಸುವ, ಟಾಕಿಯ ವ್ಹಾಲ್ವವನ್ನು ಒಮ್ಮೆ ಮುಚ್ಚಿ ತೆರೆಯುವ ರೂಢಿ ಇಟ್ಟುಕೊಂಡರೆ ಯಾವುದೂ ಬಿಗಿಯುವದಿಲ್ಲ. ಯುಗಾದಿಗೆ ಇನ್ನೊಮ್ಮೆ ಮಾಡಿದರೆ ಬೇಸಗೆಯ ಚಿಂತೆ ಅಷ್ಟು ಕಡಿಮೆ.

ಅಭ್ಯಾಸದ ಪ್ರಶ್ನೆಗಳು

೧. ನಿಮ್ಮ ಮನೆಯ ಸೋರುವ ನಳದಿಂದ ಅರ್ಧ ತಾಸಿನಲ್ಲಿ ಎಷ್ಟು ನೀರು ಬೀಳುತ್ತದೆ? ಅದರಿಂದ ತಿಂಗಳ ಲೆಕ್ಕ ತೆಗೆಯಿರಿ.
೨. ಹುಳಿಯನ್ನು ಎಣ್ಣೆಗಿಂತ ಮೊದಲು ಯಾಕೆ ಹಾಕಬೇಕು?
೩. ಕೆಲಸಕ್ಕೆ ಮೊದಲು ನಳವನ್ನು ಅರ್ಧ ತೆರೆದು ಇಡುವದೇಕೆ?
೪. ಬಿಸಿನೀರು ಸುರಿದ ಮೇಲೆ ತಡ ಮಾಡಬಾರದೇಕೆ? ಚಕ್ಕಡಿಯ ಹಳಿಯ ಉದಾಹರಣೆಯಿಂದ ವಿವರಿಸಿರಿ.
೫. ನಿಮ್ಮ ಟಾಕಿಯ ವ್ಹಾಲ್ವ ತಿರುಗುತ್ತದೆಯೇ? ಈ ಪ್ರಶ್ನೆಗೆ ಉತ್ತರವನ್ನು ಬರೆಯುವ ಬದಲು ಇಂದೇ ಏರಿ ಹೋಗಿ ನೋಡಿರಿ.